ಕೊನೆಯ ಪುಟದಿಂದ ಓದಿದ ಸೂಪರ್‌ಹೀರೊ

ವಿಮರ್ಶೆಗೆಂದು ಬಂದ ಆ ಕಾಮಿಕ್ಸ್ ಪುಸ್ತಕವನ್ನು ಕೊಪ್ಪಳದಿಂದ ಕುಷ್ಟಗಿಗೆ ಬರುವ ಬಸ್ಸಿನಲ್ಲೇ ಓದಿ ಮುಗಿಸಿದೆ. ನನಗೆ ಹಿಡಿಸಲಿಲ್ಲ. ನಾನು ಚಿಕ್ಕವಳಿದ್ದಾಗ ಬರುತ್ತಿದ್ದು ಆಮೇಲೆ ನಿಂತುಹೋಗಿದ್ದ ಸೂಪರ್‌ಹೀರೊ ಸರಣಿಯನ್ನು ಇಬ್ಬರು ಹೊಸಬರು, ಒಬ್ಬರು ಬರೆದು ಒಬ್ಬರು ಚಿತ್ರಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದ್ದರು. ಇದು ಮೊದಲ ಸಂಚಿಕೆ. ಪತ್ರಿಕೆಯ ಸಂಪಾದಕರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಇದು ಓಡಿದರೆ ಮಾತ್ರ ಎರಡನೆಯದು ಬರುತ್ತದಂತೆ. ಇಂಥದ್ದರ ಬಗ್ಗೆ ಬರೆಯುವವರು ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲ. ನೋಡಿಕೊಂಡು ಬರೆಯಿರಿ." ಹೊಗಳಿ ಎಂದು ಅವರು ಹೇಳಲಿಲ್ಲ. ಆದರೂ ಆ ಇಬ್ಬರ ಕೆಲಸ ನನ್ನ ಒಂದು ಪುಟಕ್ಕೆ ಕಾದಿದೆ ಎಂಬುದು ಮನಸ್ಸಿನಿಂದ ಹೋಗಲಿಲ್ಲ.

ಮನೆಯಲ್ಲಿ ಕೂತು ಕಟುವಾದ ಕರಡೊಂದನ್ನು ಬರೆದೆ. ಹಳೆಯದರಲ್ಲಿದ್ದ ಲವಲವಿಕೆ ಇದರಲ್ಲಿಲ್ಲ ಎಂಬ ಸಾಲಿಗೆ ಬಂದಾಗ ಅನುಮಾನವಾಯಿತು. ಹಳೆಯದನ್ನು ನಾನು ಓದಿದ್ದಕ್ಕಿಂತ ಕೇಳಿದ್ದೇ ಹೆಚ್ಚು.

ನನಗೆ ಅಕ್ಷರ ಕೂಡಿಸಲು ಬರುವ ಮೊದಲು ಪಕ್ಕದ ಮನೆಯ ದಾದಿ, ಎಂದರೆ ನನ್ನ ಗೆಳತಿಯ ಅಜ್ಜಿ, ನಮ್ಮಿಬ್ಬರನ್ನೂ ಕೂರಿಸಿಕೊಂಡು ಆ ಸರಣಿಯ ಚಿತ್ರ ನೋಡಿ ಕಥೆ ಹೇಳುತ್ತಿದ್ದರು. ದಾದಿ ಕಲಿತದ್ದು ಉರ್ದು ಶಾಲೆಯಲ್ಲಿ. ಕನ್ನಡ ಮಾತಾಡುತ್ತಾರೆ, ಓದಲು ಬಾರದು. ಉರ್ದು ಪುಸ್ತಕ ಹಿಡಿದಂತೆಯೇ ಇದನ್ನೂ ಹಿಡಿಯುತ್ತಿದ್ದರು. ನಮ್ಮ ಕೊನೆಯ ಪುಟ ಅವರಿಗೆ ಮೊದಲನೆಯದು. ಚಿತ್ರಗಳು ಬಲದಿಂದ ಎಡಕ್ಕೆ. ಹಾಗಾಗಿ ನಾನು ಬಲ್ಲ ಕಥೆಯಲ್ಲಿ ಕಳ್ಳರು ಪೊಲೀಸ್ ಜೀಪಿನಿಂದ ಇಳಿದು ಬಂದು, ಹಾರುವ ಮನುಷ್ಯನ ಕೈಯಲ್ಲಿ ಏಟು ತಿಂದು, ಬುದ್ಧಿ ಬಂದು, ಬ್ಯಾಂಕಿಗೆ ಹೋಗಿ ಗಂಟುಗಳನ್ನು ಕಪಾಟಿನಲ್ಲಿ ಇಟ್ಟು ಬರುತ್ತಿದ್ದರು. ಕಡೆಗೆ ನಾಯಕ ಅಂಚೆ ಕಚೇರಿಯ ಕುರ್ಚಿಯಲ್ಲಿ ಕೂತಿರುತ್ತಿದ್ದ. "ನೋಡ್ರಿ, ಇಷ್ಟು ಹಾರ್ಯಾಡಿದ್ದಕ್ಕ ಪೋಸ್ಟಿನ್ಯಾಗ ನೌಕರಿ ಸಿಕ್ತು," ಎಂದು ದಾದಿ ಮುಗಿಸುತ್ತಿದ್ದರು. ಮುಂದೆ ಓದಲು ಬಂದಾಗ, ಅವನಿಗೆ ನೌಕರಿ ಮೊದಲೇ ಇತ್ತೆಂದು ತಿಳಿದು ನನಗೆ ಬೇಜಾರಾಗಿತ್ತು.

ಇಲ್ಲದ ಪುಸ್ತಕವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಇರುವ ಪುಸ್ತಕವನ್ನು ಅಳೆಯುತ್ತಿದ್ದೇನೆ ಅನ್ನಿಸಿತು. ಸಂಜೆ ಸಂಚಿಕೆ ಹಿಡಿದು ಪಕ್ಕದ ಮನೆಗೆ ಹೋದೆ.

"ಬಾ ಬೇಟಿ," ದಾದಿ ಮಂಚದಿಂದಲೇ ಅಂದರು. "ಕಾಲೇಜಿನ್ಯಾಗ ಮೇಡಂ ಆದಮ್ಯಾಲೆ ನಮ್ಮ ಮನಿ ಹೊಸ್ತಿಲ ಎತ್ತರ ಆತೇನ?"

"ಕೆಲಸ ಇತ್ತು ದಾದಿ."

"ಈಗೂ ಕೆಲಸ ಐತಿ ಅಂತನ ಬಂದಾಳ, ನಿನ್ನ ನೋಡಾಕಲ್ಲ," ಚಹಾ ತಂದ ಗೆಳತಿ ಕುಟುಕಿದಳು. ಅವಳು ಹೇಳಿದ್ದು ನಿಜವೇ. ನಾನು ಪುಸ್ತಕ ಕೊಟ್ಟೆ.

ದಾದಿ ಕನ್ನಡಕ ಏರಿಸಿ ಅದನ್ನು ತಿರುವಿ ಹಿಡಿದರು. ಕೊನೆಯ ಪುಟದಲ್ಲಿ ಕುಸಿದ ಸೇತುವೆಯ ನಡುವೆ ನಾಯಕ ಒಬ್ಬನೇ ನಿಂತಿದ್ದಾನೆ.

"ಯಪ್ಪಾ, ಎಲ್ಲಾ ಬಿದ್ದೈತಿ. ಇವ ಒಬ್ಬನ ಏನ ಮಾಡ್ಯಾನ?" ಪುಟ ಸರಿಯಿತು. "ಹಾಂ, ಎತ್ತಾಕ ಹತ್ತ್ಯಾನ. ನಿಂತ್ತು ನೋಡು ಬ್ರಿಜ್ಜು. ಜನ ಹೊಂಟಾರ ಅದರ ಮ್ಯಾಲೆ. ಈ ಹೆಣ್ಮಗಳ ಚೀಲ ನೋಡು, ಕಾಯಿಪಲ್ಯೆ ತುಂಬೈತಿ."

"ಈ ಕರೀ ಅಂಗಿಯಾಂವ ಯಾರ ದಾದಿ?" ಗೆಳತಿ ಕೇಳಿದಳು. ನಾನು ಓದಿದ ಪ್ರಕಾರ ಅವನು ಖಳ, ಸೇತುವೆ ಕೆಡವಿದವನು.

"ಇಂಜಿನೇರ ಇರಬೇಕು. ಬರೇ ಕೈ ಮಾಡಿ ತೋರಸಾಕ ಹತ್ತ್ಯಾನ, ತಾ ಏನೂ ಎತ್ತವಲ್ಲ."

ಗೆಳತಿ ಚಹಾ ಚೆಲ್ಲುವಷ್ಟು ನಕ್ಕಳು. ನಾನೂ ನಕ್ಕೆ. ದಾದಿಗೆ ಕೊನೆಯದಾದ ಮೊದಲ ಪುಟದಲ್ಲಿ ನಾಯಕನಿಗೆ ತಾಯಿ ಊಟ ಬಡಿಸುತ್ತಾಳೆ. "ದಣದು ಮನಿಗೆ ಬಂದ. ಉಂಡ. ಛಲೋ ಐತಿ," ಎಂದು ದಾದಿ ಪುಸ್ತಕ ಮುಚ್ಚಿದರು.

ಆ ಹೆಂಗಸಿನ ಚೀಲ ಬಸ್ಸಿನಲ್ಲಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆ ಚಿತ್ರದ ಚೌಕದಲ್ಲಿ ನಾಯಕ ತನ್ನ ನೋವಿನ ಬಗ್ಗೆ ಉದ್ದಕ್ಕೆ ಯೋಚಿಸುತ್ತಾನೆ. ನಾನು ಅದನ್ನಷ್ಟೇ ಓದಿದ್ದೆ. ಮನೆಗೆ ಬಂದು, ಮಾತಿನ ಗುಳ್ಳೆಗಳನ್ನು ಬೆರಳಿನಿಂದ ಮುಚ್ಚುತ್ತ, ಎಡದಿಂದ ಬಲಕ್ಕೇ ಮತ್ತೊಮ್ಮೆ ನೋಡಿದೆ. ಸೇತುವೆಯ ಮೇಲಿದ್ದ ಪ್ರತಿಯೊಬ್ಬರಿಗೂ ಚಿತ್ರಕಾರರು ಒಂದು ಮುಖ ಕೊಟ್ಟಿದ್ದರು, ಹೋಗುವುದಕ್ಕೊಂದು ಕಾರಣ ಕೊಟ್ಟಿದ್ದರು. ಅದು ಬಿದ್ದಾಗ ಯಾರು ಇಲ್ಲವಾದರು ಎಂಬುದು ಒಂದು ಮಾತೂ ಇಲ್ಲದೆ ತಿಳಿಯುತ್ತಿತ್ತು. ಕೊನೆಯ ಪುಟದಲ್ಲಿ ನಾಯಕ ಒಬ್ಬನೇ ನಿಂತಿರುವುದು ಆಗ ನನ್ನನ್ನು ತಟ್ಟಿತು.

ಕರಡನ್ನು ಬಿಟ್ಟು ಹೊಸದಾಗಿ ಬರೆದೆ. ಕಥೆಯನ್ನು ಹೊತ್ತಿರುವುದು ಚಿತ್ರ, ಅದರ ಮೇಲೆ ಮಾತು ಕವಿದಿದೆ. ಮುಂದಿನ ಸಂಚಿಕೆಯಲ್ಲಿ ಬರೆಯುವವರು ಚಿತ್ರಿಸುವವರನ್ನು ಇನ್ನಷ್ಟು ನಂಬಬೇಕು ಎಂದೆ. ಮುಂದಿನ ಸಂಚಿಕೆ ಬರಬೇಕು ಎಂಬುದನ್ನೂ ಸುತ್ತು ಬಳಸದೆ ಬರೆದೆ. ಹಳೆಯ ಸರಣಿಯ ಹೋಲಿಕೆಯನ್ನು ಪೂರ್ತಿ ತೆಗೆದೆ.

ಸಂಪಾದಕರು ಓದಿ ಫೋನ್ ಮಾಡಿದರು. "ಹಳೆಯದನ್ನು ಬಲ್ಲವರು ನೀವು. ಅದರ ಬಗ್ಗೆ ಒಂದು ಪ್ಯಾರಾ ಇದ್ದರೆ ಚೆನ್ನಾಗಿತ್ತು."

"ಹಳೆಯದನ್ನು ನಾನು ಸರಿಯಾಗಿ ಓದಿಲ್ಲ ಸರ್," ಅಂದೆ.

ಅವರು ಕಾರಣ ಕೇಳಲಿಲ್ಲ. ವಿಮರ್ಶೆ ಹಾಗೆಯೇ ಅಚ್ಚಾಯಿತು.