ಕಂಪ್ಯೂಟರಿಗೆ ಅಂಟುವಾಳದ ನೊರೆ

ಬೆಳಿಗ್ಗೆ ಅಡುಗೆಮನೆಯಿಂದ ಅಂಟುವಾಳಕಾಯಿ ಕುದಿಯುವ ವಾಸನೆ ಬಂತು. ಸೊಸೆ ತನ್ನ ಬಂಗಾರದ ವಾಲೆ ತೊಳೆಯಲು ಇಟ್ಟಿದ್ದಳು. ಆ ವಾಸನೆಗೆ ನಿಮಗೆ ಮದುವೆಮನೆ ನೆನಪಾದೀತು. ನನಗೆ ನೆನಪಾಗುವುದು ಕಂಪ್ಯೂಟರ್. ನಗಬೇಡಿ, ಹೇಳುತ್ತೇನೆ.

ಎಂಬತ್ತರ ದಶಕದಲ್ಲಿ ನಾನು ಆಳಂದದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕನ್ನಡ ಮಾಸ್ತರನಾಗಿದ್ದೆ. ಶಾಲೆಗೆ ಬಂದಿದ್ದು ಒಂದೇ ಒಂದು ಕಂಪ್ಯೂಟರ್. ಗಣಿತದ ಅಕ್ಕೋರು ಅದರಲ್ಲಿ ಹುಡುಗಿಯರಿಗೆ ಪಾಠ ಹೇಳುತ್ತಿದ್ದರು. ಚಪ್ಪಲಿ ಬಾಗಿಲಾಚೆ ಬಿಡಿಸುವುದು, ಆಯುಧಪೂಜೆಗೆ ಯಂತ್ರಕ್ಕೆ ಧಾರಾಳವಾಗಿ ವಿಭೂತಿ ಹಚ್ಚುವುದು, ಇಷ್ಟು ನನ್ನ ಪಾಲಿನ ತಂತ್ರಜ್ಞಾನ.

ತೊಗರಿ ಸುಗ್ಗಿ ಮುಗಿಯುವ ಹೊತ್ತಿಗೆ ಯಂತ್ರ ಹಟ ಹಿಡಿಯಿತು. ಒಮ್ಮೆ ನಡೆದರೆ ನಾಲ್ಕು ಸಲ ಇಲ್ಲ. ಪರದೆಯ ತುಂಬ ಅರ್ಥವಿಲ್ಲದ ಚೌಕಗಳು. ಹೆಡ್‌ಮಾಸ್ತರರು ಹೇಳಿಬಿಟ್ಟರು: "ಸೋಮವಾರ ಇಲಾಖೆ ಸಾಹೇಬ್ರು ಬರ್ತಾರ. ನಡೀಲಿಲ್ಲಂದ್ರ ಗುಲ್ಬರ್ಗಾಕ್ಕ ಎತ್ಕೊಂಡು ಹೋಗ್ತಾರ." ಹೋದದ್ದು ತಿರುಗಿ ಬರುವುದಿಲ್ಲವೆಂದು ಹುಡುಗಿಯರಿಗೂ ಗೊತ್ತಿತ್ತು.

ಅಕ್ಕೋರು ಡಬ್ಬಿ ಬಿಚ್ಚಿ ಒಳಗಿನಿಂದ ಹಸಿರು ಹಲಗೆಯೊಂದನ್ನು ಎಳೆದರು. ಅದರ ಅಂಚಿಗೆ ಸಾಲಾಗಿ, ಡಬ್ಬಿಯೊಳಗಿನ ಲೋಹಕ್ಕೆ ತಾಗಿ ಕೂರುವ ಬಂಗಾರದ ಸಣ್ಣ ಪಟ್ಟಿಗಳು. ಅವುಗಳ ಮೇಲೆ ತೊಗರಿ ಹೊಟ್ಟಿನ ದೂಳು, ನನ್ನ ವಿಭೂತಿ, ಎರಡೂ ಕೂಡಿ ಜಿಡ್ಡುಗಟ್ಟಿದ್ದವು. ನಾನು ಪೆನ್ಸಿಲ್ ರಬ್ಬರ್ ಮುಂದೆ ಹಿಡಿದೆ.

"ಬ್ಯಾಡ್ರಿ ಮಾಸ್ತರ. ಇದು ಬರೇ ಬಂಗಾರದ ನೀರು ಕುಡಿಸಿದ್ದು. ತಿಕ್ಕಿದ್ರ ಹೋಗ್ತದ. ತೊಳಿತೇನಿ."

"ಕಂಪ್ಯೂಟರಿಗೆ ನೀರೇನ್ರಿ ಅಕ್ಕೋರ?"

"ಬಂಗಾರ ನೀರಿಗೆ ಅಂಜ್ತದೇನ್ರಿ?"

ರವಿವಾರ ಅಕ್ಕೋರು ತಮ್ಮ ಅಂಗಳದಲ್ಲಿ, ವಾಲೆ ತೊಳೆಯುವ ಹಾಗೆಯೇ, ಅಂಟುವಾಳದ ನೊರೆಯಲ್ಲಿ ಮೆತ್ತನೆಯ ಬ್ರಷ್ ಅದ್ದಿ ಆ ಅಂಚನ್ನಷ್ಟೇ ತೊಳೆದರು. ಶುದ್ಧ ನೀರಲ್ಲಿ ಜಾಲಿಸಿ, ಮೊರದಲ್ಲಿಟ್ಟು ಬಿಸಿಲಿಗೆ ಒಣಗಿಸಿದರು. ನಾನು ಪಕ್ಕದಲ್ಲಿ ಕಾಗೆ ಕಾಯುತ್ತ ಕೂತೆ. ಯಂತ್ರದ ಜೊತೆಗೆ ನಮ್ಮಿಬ್ಬರ ನೌಕರಿಯೂ ಹೋಯಿತೆಂದೇ ಲೆಕ್ಕ ಹಾಕಿದ್ದೆ.

ಸೋಮವಾರ ಹಲಗೆಯನ್ನು ಮೊದಲಿದ್ದಲ್ಲೇ ಸಿಕ್ಕಿಸಿ, ಸಾಹೇಬರ ಎದುರಿಗೇ ಅಕ್ಕೋರು ಗುಂಡಿ ಒತ್ತಿದರು. ಪರದೆ ಕಪ್ಪಗೇ ಇತ್ತು. ಆಮೇಲೆ ಬೆಳಗಿತು, ಒಂದೂ ಚೌಕವಿಲ್ಲ. ಹುಡುಗಿಯೊಬ್ಬಳು ತನ್ನ ಹೆಸರು ಒತ್ತಿದಳು. ಹೆಸರು ಅಲುಗದೆ ನಿಂತಿತು. ಹುಣಸೆ ಎಲೆಯಷ್ಟು ಲೋಹ ಇನ್ನೊಂದು ಲೋಹಕ್ಕೆ ತಾಗಿದರೆ ವಿದ್ಯೆ, ತಾಗದಿದ್ದರೆ ತಗಡಿನ ಡಬ್ಬಿ. ಇಷ್ಟೇನಾ, ಇಷ್ಟೊಂದಾ ಎಂದು ಬೆರಗಾಗಿ ನಿಂತಲ್ಲೇ ನಿಂತೆ.

"ಮೆಕ್ಯಾನಿಕ್ ಯಾರು ಬಂದಿದ್ರು?" ಎಂದರು ಸಾಹೇಬರು.

"ಯಾರೂ ಇಲ್ರಿ. ನಾನೇ ತೊಳದೇನಿ" ಎಂದರು ಅಕ್ಕೋರು.

ಸಾಹೇಬರು ಅವರನ್ನೊಮ್ಮೆ, ಯಂತ್ರವನ್ನೊಮ್ಮೆ ನೋಡಿದರು. "ಇಲ್ಲೇ ಇರಲಿ" ಎಂದು ಎದ್ದರು.

ಜೀಪು ಹೋದ ಮೇಲೆ ಕೇಳಿದೆ, "ಅಷ್ಟು ಧೈರ್ಯ ಹ್ಯಾಂಗ ಬಂತ್ರಿ ಅಕ್ಕೋರ?" ಸೆರಗಿನಲ್ಲಿ ಮುಚ್ಚಿಟ್ಟಿದ್ದ ಕೈಯನ್ನು ಅವರು ನನ್ನ ಮುಂದೆ ಚಾಚಿದರು. ಅದಿನ್ನೂ ನಡುಗುತ್ತಿತ್ತು.

"ಎಲ್ಲೀ ಧೈರ್ಯರಿ? ಸುಮ್ನ ಕುಂತಿದ್ರೂ ಅದು ಹೋಗೂದಽ ಇತ್ತು."

ಈಗ ನನ್ನ ಕಿವಿಯ ಯಂತ್ರ ಒಮ್ಮೆ ಕೇಳಿಸುತ್ತದೆ, ಒಮ್ಮೆ ಇಲ್ಲ. ಮುಟ್ಟಿದರೆ ಪೂರಾ ಕೆಟ್ಟೀತೆಂದು ಹೆದರಿ, ಮನೆಯವರು ಹೇಳಿದ್ದಕ್ಕೆಲ್ಲ ಸುಮ್ಮನೆ ತಲೆಯಾಡಿಸುತ್ತ ಕಾಲ ತಳ್ಳುತ್ತಿದ್ದೆ. ಇವತ್ತು ಒಣಬಟ್ಟೆ ತೆಗೆದುಕೊಂಡು ಕೂತು ಅದರ ಸೆಲ್ಲಿನ ಮುಚ್ಚಳ ತೆರೆದೆ. ಕೈ ನಡುಗಿತು. ನಡುಗಲಿ ಬಿಡು ಎಂದುಕೊಂಡು ಒರೆಸತೊಡಗಿದೆ.