ನೆರಳುಬದಿಗೆ ಬಿದ್ದ ಹಳದಿ

ಕಡಲಿನದೊಂದು ನಾಲಿಗೆ ಬೆಟ್ಟಗಳ ನಡುವೆ ನುಗ್ಗಿ ನಮ್ಮೂರನ್ನು ಎರಡಾಗಿ ಸೀಳಿದೆ. ಉತ್ತರದ ದಡಕ್ಕೆ ಬಿಸಿಲುಬದಿ ಎಂದು ಹೆಸರು, ದಕ್ಷಿಣದ್ದಕ್ಕೆ ನೆರಳುಬದಿ. ಚರ್ಚು, ಶಾಲೆ, ಬ್ಯಾಂಕು, ಸೇಬಿನ ತೋಟಗಳು ಬಿಸಿಲುಬದಿಯಲ್ಲಿವೆ. ನೆರಳುಬದಿಯಲ್ಲಿ ನಾವಿದ್ದೇವೆ, ಕುರಿಗಳಿವೆ. ಅಕ್ಟೋಬರಿನಲ್ಲಿ ನಮ್ಮ ಬೆನ್ನ ಹಿಂದಿನ ಬೆಟ್ಟದಾಚೆ ಹೋದ ಸೂರ್ಯ ಫೆಬ್ರವರಿಯಲ್ಲಿ ಬರುತ್ತಾನೆ. ಅಲ್ಲಿಯವರೆಗೆ ಎದುರುದಡದ ಕಿಟಕಿಗಳು ಹೊಳೆಯುವುದನ್ನು ನೋಡುತ್ತ ಮಗುವಿನ ಬಟ್ಟೆಗಳನ್ನು ಒಲೆಯ ಮೇಲೆ ಒಣಗಿಸುತ್ತೇವೆ.

ನೇಕಾರ್ತಿ ಯೋರುನ್ ಹುಟ್ಟಿದ್ದು ನೆರಳುಬದಿಯಲ್ಲೇ, ನಮ್ಮ ಮನೆಯ ಮೇಲಿನ ಮನೆಯಲ್ಲಿ. ಬೆರ್ಗನ್ನಿನ ಕಲಾಶಾಲೆಯಲ್ಲಿ ಓದಿ ವಾಪಸು ಬಂದಳು. ಯಾಕೆ ಬಂದೆ ಎಂದರೆ "ಅಲ್ಲಿ ತುಂಬ ಮಳೆ" ಎನ್ನುತ್ತಾಳೆ. ಇಲ್ಲಿ ಕಡಿಮೆಯೇನಿಲ್ಲ. ಓಸ್ಲೋದಲ್ಲಿ ಒಮ್ಮೆ ಅವಳ ನೇಯ್ಗೆಗಳ ಪ್ರದರ್ಶನ ನಡೆದಿತ್ತು. ಹೇಗಿತ್ತು ಎಂದು ಕೇಳಿದವರಿಗೆಲ್ಲ "ಕಾಫಿ ಕೊಟ್ರು" ಎಂದಳಂತೆ. ಮದುವೆಯೂ ಆಗಿತ್ತು. ಹಡಗಿನಲ್ಲಿ ಕೆಲಸಕ್ಕಿದ್ದ ಗಂಡ ಇಂಗ್ಲೆಂಡಿನ ನ್ಯೂಕಾಸಲ್ಲಿಗೆ ಹೋದವನು ಅಲ್ಲೇ ಉಳಿದ. "ಅವನಿಗೆ ಅಲ್ಲಿ ಹಿಡಿಸಿದೆ" ಎನ್ನುವುದಕ್ಕಿಂತ ಹೆಚ್ಚಿಗೆ ಅವಳಿಂದ ಯಾರೂ ಕೇಳಿಲ್ಲ. ಆಮೇಲಿನ ವರ್ಷಗಳಲ್ಲಿ ದೋಣಿಯವರಿಗೆ ಹೊದಿಕೆ, ಮದುಮಕ್ಕಳಿಗೆ ಮಂಚದ ಹಾಸು, ಶಾಲೆಗೆ ಪರದೆ ನೇಯ್ದಳು. ಅಮ್ಮನನ್ನು ನೋಡಿಕೊಂಡಳು. ಅಮ್ಮ ತೀರಿಕೊಂಡದ್ದು ಒಂದು ಜನವರಿಯ ನಡುಮಧ್ಯಾಹ್ನ. ಪರದೆ ಸರಿಸು, ಸ್ವಲ್ಪ ಬೆಳಕು ಬರಲಿ ಎಂದು ಕೇಳಿದರಂತೆ. ಪರದೆ ಸರಿಸಿಯೇ ಇತ್ತು.

ಬಿಸಿಲುಬದಿಯಲ್ಲಿ ಕಟ್ಟಿದ ಪಂಚಾಯಿತಿಯ ಹೊಸ ಸಭಾಭವನಕ್ಕೆ ಊರಿನ ಚಿತ್ರವಿರುವ ಗೋಡೆನೇಯ್ಗೆ ಬೇಕಾದಾಗ ಕೆಲಸ ಯೋರುನಳಿಗೇ ಬಂತು. ಅವಳು ಪೆನ್ಸಿಲಿನಲ್ಲಿ ಎರಡೂ ದಡಗಳನ್ನು ಬರೆದು ತೋರಿಸಿದಳು. ಎಡಕ್ಕೆ ಚರ್ಚಿನ ದಡ, ಬಲಕ್ಕೆ ನಮ್ಮದು. ಅಧ್ಯಕ್ಷ ಸಿವರ್ಟ್ ಒಪ್ಪಿದ. ಬಣ್ಣದ ಮಾತು ಯಾರೂ ಎತ್ತಲಿಲ್ಲ.

ಬೇಸಿಗೆಯಲ್ಲಿ ನೂಲಿಗೆ ಹಳದಿ ಬಣ್ಣ ಹಾಕಲೆಂದು ಬರ್ಚ್ ಮರದ ಎಲೆ ಕೀಳಲು ನಾನೂ ಹೋದೆ, ಮಗಳು ತುವಾಳನ್ನು ಬೆನ್ನಿಗೆ ಕಟ್ಟಿಕೊಂಡು. ಮೂಟೆಗಟ್ಟಲೆ ಕಿತ್ತೆವು.

"ಇಷ್ಟೊಂದು ಹಳದಿ ಯಾಕೆ?" ಎಂದೆ.

"ಬೇಕಾಗತ್ತೆ."

ತುವಾ ಒಂದೆಲೆ ತಿಂದಳು. ಏನೂ ಆಗಲಿಲ್ಲ.

ಯೋರುನ್ ನೇಯ್ಗೆಯ ಹಿಂಬದಿಯನ್ನು ತನ್ನ ಕಡೆಗಿಟ್ಟುಕೊಂಡು ನೇಯುತ್ತಾಳೆ. ನೇಯ್ದದ್ದು ನೇಯ್ದಂತೆ ಕೆಳಗಿನ ಉರುಳೆಗೆ ಸುತ್ತಿಕೊಳ್ಳುತ್ತದೆ. ಹಾಗಾಗಿ ಎರಡು ಚಳಿಗಾಲ ಅವಳ ಪಕ್ಕದಲ್ಲಿ ಕೂತು ನೂಲು ಸುತ್ತಿಕೊಟ್ಟ ನನಗೂ ಚಿತ್ರ ಹೇಗೆ ಬರುತ್ತಿದೆ ಎಂದು ಗೊತ್ತಿರಲಿಲ್ಲ. ಅವಳ ಬೆರಳುಗಳು ಬೆಳಿಗ್ಗೆ ಮಡಚುತ್ತಿರಲಿಲ್ಲ. ತುವಾಳ ಸ್ನಾನದ ಬಿಸಿನೀರಿನಲ್ಲೇ ಅವಳ ಕೈಯನ್ನೂ ಅದ್ದಿಸುತ್ತಿದ್ದೆ. "ಇಷ್ಟು ದೊಡ್ಡದು ಇನ್ನೊಂದು ನನ್ನ ಕೈಲಿ ಆಗಲ್ಲ ಕಣೆ" ಎಂದಿದ್ದಳು.

ಮಗ್ಗದಿಂದ ಕತ್ತರಿಸಿ ಇಳಿಸುವ ದಿನ ಸಿವರ್ಟನೇ ಬಂದ. ನೆಲದ ಮೇಲೆ ಹಾಸಿದೆವು. ಅವನು ಬಹಳ ಹೊತ್ತು ನೋಡಿದ.

"ಇದು ನಮ್ ಚರ್ಚಲ್ವಾ?"

"ಹೌದು."

"ಕಪ್ಪಗಿದೆಯಲ್ಲ."

"ನೆರಳು ಬಿದ್ದಿದೆ" ಎಂದಳು ಯೋರುನ್.

ಬಿಸಿಲುಬದಿಯ ತೋಟ, ಶಾಲೆ, ಬ್ಯಾಂಕು ಎಲ್ಲ ಬೂದು ನೀಲಿಯಲ್ಲಿದ್ದವು. ನಮ್ಮ ದಡಕ್ಕೆ, ಬೆಟ್ಟದ ಬುಡದಿಂದ ನೀರಿನವರೆಗೆ, ಆ ಮೂಟೆಗಳಷ್ಟು ಹಳದಿ ಸುರಿದಿತ್ತು. ನಮ್ಮ ಮನೆಯ ಹಗ್ಗದ ಮೇಲೆ ಒಣಗುವ ಬಟ್ಟೆಗಳೂ ಇದ್ದವು, ಹೊರಗೆ.

ಮುಂದಿನ ವಾರ ಪಂಚಾಯಿತಿ ಸಭೆ ಸೇರಿತು. ಬಣ್ಣ ಅದಲುಬದಲಾದ ಭಾಗ ಬಿಚ್ಚಿ ಮತ್ತೆ ನೇಯಬೇಕು, ಇಲ್ಲದಿದ್ದರೆ ಗೋಡೆಗೆ ಬೇರೇನಾದರೂ ನೋಡಬೇಕು ಎಂಬುದು ವಿಷಯ. ತುವಾಳಿಗೆ ಹಾಲು ಕುಡಿಸುತ್ತ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ.

ಸಿವರ್ಟ್ ಕೆಟ್ಟವನಲ್ಲ. ಅವನೇ ದಾರಿ ಮಾಡಿಕೊಟ್ಟ. "ನೋಡು ಯೋರುನ್, ನೀನು ಹಿಂದ್ಗಡೆಯಿಂದ ನೇಯೋಳು. ಎಡ ಬಲ ಹೆಚ್ಚುಕಮ್ಮಿ ಆಗಿರತ್ತೆ. ಕೈತಪ್ಪಿ ಆಯ್ತು ಅಂತ ಒಂದ್ ಮಾತು ಹೇಳ್ಬಿಡು. ಯಾರೂ ಏನೂ ಅನ್ಕೊಳಲ್ಲ. ಬಿಚ್ಚೋಕೆ ಜನ ಕೊಡ್ತೀವಿ."

ಯೋರುನ್ ತನ್ನ ಬೆರಳುಗಳನ್ನು ನೋಡಿಕೊಂಡಳು. ಹೇಳಿದ್ದರೆ ಎಲ್ಲರೂ ಕಾಫಿ ಕುಡಿದು ಮನೆಗೆ ಹೋಗಬಹುದಿತ್ತು.

"ಕೈ ತಪ್ಪಿಲ್ಲ" ಎಂದಳು.

"ಹಾಗಾದ್ರೆ ಬೇಕಂತ್ಲೇ ಮಾಡಿದ್ದಾ?"

"ಹಳದಿ ಬೇಕಂತ ಮಾಡದೆ ಬರಲ್ಲ. ಎಲೆ ಕೀಳ್ಬೇಕು, ಕುದಿಸ್ಬೇಕು."

ಕೊನೆಗೆ ಬ್ಯಾಂಕಿನವನೊಬ್ಬ ಎದ್ದು, ಬಿಚ್ಚುವ ರಗಳೆ ಯಾಕೆ, ನೇಯ್ಗೆಯನ್ನು ತಿರುಗಿಸಿ ಹಿಂಬದಿ ಮುಂದೆ ಮಾಡಿ ತೂಗುಹಾಕಿದರೆ ಬಿಸಿಲು ತಾನಾಗಿ ಎಡಕ್ಕೆ ಬರುತ್ತದಲ್ಲ ಎಂದ. ಸಿವರ್ಟನ ಮುಖ ಸಡಿಲವಾಯಿತು. "ಆಗತ್ತೇನೇ?"

"ಹಿಂದ್ಗಡೆ ಜೋತಾಡೋ ನೂಲಿನ ತುದಿ ಕತ್ತರಿಸಿದ್ರೆ ಆಗತ್ತೆ" ಎಂದಳು ಯೋರುನ್. ಕೇಳಿದ್ದಕ್ಕೆ ಉತ್ತರ ಕೊಡುವವಳು.

ಕೈ ಎತ್ತಿಸಬೇಕು ಎನ್ನುವಾಗ ನಮ್ಮ ಬದಿಯ ಸದಸ್ಯ ಒಡ್ಮುಂದ್ ಕೆಮ್ಮಿದ. ಕುರಿ ಸಾಕುವವನು, ಸಭೆಯಲ್ಲಿ ಬಾಯಿ ತೆರೆದದ್ದನ್ನು ನಾನು ನೋಡಿರಲಿಲ್ಲ.

"ತಿರುಗಿಸಿ. ನಮಗೇನೂ ಅಡ್ಡಿ ಇಲ್ಲ. ಆದ್ರೆ ಚರ್ಚೂ ತಿರುಗತ್ತೆ."

"ಅಂದ್ರೆ?"

"ಬಿಸಿಲು ನಿಮ್ ಕಡೆಗೆ ಬಂದ್ರೆ ಚರ್ಚು ನಮ್ ಕಡೆಗೆ ಬರತ್ತೆ ಕಣಯ್ಯ. ಶಾಲೆನೂ. ಬ್ಯಾಂಕೂ ಬರತ್ತೆ." ಅವನು ಬ್ಯಾಂಕಿನವನ ಕಡೆ ನೋಡಿದ. "ನೀನೂ ಬಾ. ಜಾಗ ಇದೆ."

ಸಭೆಗೆ ತಂದು ಹಾಸಿದ್ದ ನೇಯ್ಗೆಯನ್ನು ಯಾರೋ ಮಗುಚಿ ಹಿಂಬದಿ ನೋಡಿದರು. ಚರ್ಚು ನಿಜವಾಗಿಯೂ ಬಲಕ್ಕೆ ಹೋಗಿ ನಮ್ಮ ದಡದಲ್ಲಿತ್ತು, ಒಡ್ಮುಂದನ ಕೊಟ್ಟಿಗೆ ಇರಬೇಕಾದ ಜಾಗದಲ್ಲಿ. ಮುಂದಿನ ಸಾಲಿನಲ್ಲಿದ್ದ ಪಾದ್ರಿ ಕನ್ನಡಕ ತೆಗೆದು ಒರೆಸಿಕೊಂಡರು.

"ಏನ್ ಬೇಕು ಹೇಳಿ" ಎಂದ ಒಡ್ಮುಂದ್. "ಬಿಸಿಲಾ, ಚರ್ಚಾ?"

ಅದನ್ನು ಕೈ ಎತ್ತಿಸಿ ತೀರ್ಮಾನಿಸಲು ಪಾದ್ರಿಯ ಎದುರು ಯಾರಿಗೂ ಮನಸ್ಸಾಗಲಿಲ್ಲ. ಸಿವರ್ಟ್ ಕಿಟಕಿಯಿಂದ ಆಚೆ ದಡ ನೋಡಿದ. ಮಧ್ಯಾಹ್ನವಾಗಿದ್ದರೂ ನಮ್ಮ ಮನೆಗಳಲ್ಲಿ ದೀಪ ಉರಿಯುತ್ತಿತ್ತು. ಅವನು ಆ ಕಡೆ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲಿರಬೇಕು.

"ನೇಯ್ದ ಹಾಗೇ ಇರ್ಲಿ" ಎಂದ. "ಬಣ್ಣ ಪರವಾಗಿಲ್ಲ." ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಸೇತುವೆಯ ಮೇಲೆ ತಳ್ಳುಗಾಡಿ ನೂಕಿಕೊಂಡು ಮನೆಗೆ ಹೊರಟೆವು. ಯೋರುನ್ ಒಂದು ಕೈಯನ್ನು ತುವಾಳ ಹೊದಿಕೆಯೊಳಗೆ ಬೆಚ್ಚಗಿಟ್ಟುಕೊಂಡಿದ್ದಳು.

"ಬಿಚ್ಚು ಅಂದಿದ್ರೆ ಏನ್ ಮಾಡ್ತಿದ್ದೆ?" ಎಂದು ಕೇಳಿದೆ.

"ಬಿಚ್ತಿದ್ದೆ. ಒಳ್ಳೆ ನೂಲು, ಹಾಳ್ಮಾಡಕ್ಕಾಗತ್ತಾ?"

ಸ್ವಲ್ಪ ದೂರ ನಡೆದ ಮೇಲೆ ಹೇಳಿದಳು: "ಹಳದಿನ ಮಾತ್ರ ಅವ್ರ ಕಡೆ ಹಾಕ್ತಿರ್ಲಿಲ್ಲ. ಮನೆಗೆ ತಗೊಂಡ್ ಬರ್ತಿದ್ದೆ."