ಲಿಂ. ಸಾತಪ್ಪನೋ, ಶ್ರೀ ಸಾತಪ್ಪನೋ

ಇಚಲಕರಂಜಿಯ ಮಗ್ಗದ ಕೇರಿಯಲ್ಲಿ ಸಾತಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಜನ ಇವತ್ತಿಗೂ ಮೊದಲು ನಗುತ್ತಾರೆ, ಆಮೇಲೆ ದಾರಿ ತೋರಿಸುತ್ತಾರೆ. ಸಾತಪ್ಪ ಕಾಣೆಯಾಗಿ ಎಂಟು ವರ್ಷವಾಯಿತು, ನಗು ಮಾತ್ರ ಕಾಣೆಯಾಗಿಲ್ಲ. ಆ ನಗುವಿನ ನಡುವೆ ಸಂಸಾರ ಮಾಡಿದವಳು ಅವನ ಹೆಂಡತಿ ಗಂಗುಬಾಯಿ. ಅವಳೂ ನಗುತ್ತಿದ್ದಳು, ಸುಳ್ಳೇಕೆ ಹೇಳಬೇಕು. ಆದರೆ ಊರವರು ನಕ್ಕು ತಮ್ಮ ತಮ್ಮ ಮನೆಗೆ ಹೋಗುತ್ತಿದ್ದರು. ಇವಳು ನಕ್ಕು ಅವನ ಅಂಗಿ ಒಗೆಯಬೇಕಿತ್ತು.

ಸಾತಪ್ಪ ಹುಟ್ಟಿದ್ದು ಗಡಹಿಂಗ್ಲಜದಲ್ಲಿ. ಅಣ್ಣ ಅಲ್ಲಪ್ಪ ಅಲ್ಲೇ ಬೆಲ್ಲದ ಅಂಗಡಿ ಹಾಕಿಕೊಂಡು ಮರ್ಯಾದೆಯಿಂದ ದಪ್ಪಗಾದ. ತಮ್ಮ ಇಪ್ಪತ್ತರ ವಯಸ್ಸಿನಲ್ಲಿ ಇಚಲಕರಂಜಿಗೆ ಬಂದು ಬಾಹುಬಲಿ ಶೇಠರ ಕಾರಖಾನೆಯಲ್ಲಿ ಮಗ್ಗ ನಡೆಸಲು ನಿಂತ. ಕೈಗೆ ಕೆಲಸ ಚೆನ್ನಾಗಿ ಬರುತ್ತಿತ್ತು, ತಲೆ ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ. ಒಮ್ಮೆ ಕರೆಂಟು ಹೋಗಿ ಬಂದಾಗ ಹನ್ನೆರಡು ಮಗ್ಗಗಳನ್ನೂ ಒಟ್ಟಿಗೆ ಶುರು ಮಾಡಲು ಬಿಡಲಿಲ್ಲ. ಬೆರಳು ಮಡಚುತ್ತ ಒಂದರ ಹಿಂದೆ ಒಂದು ಶುರು ಮಾಡಿಸಿದ. ಏನು ಮುರಿಯಿತೋ ಎಂದು ಶೇಠರು ಓಡಿ ಬಂದರು.

"ಏನ ಮಾಡಾಕತ್ತೀಯೋ ಸಾತ್ಯಾ?"

"ಭಜನಿ ಕೂಡಸಾಕತ್ತೇನ್ರಿ ಶೇಠ. ನಾಕನೇ ಮಗ್ಗ ತಾಳ ತಪ್ಪೈತಿ ನೋಡ್ರಿ."

ಬಿಚ್ಚಿ ನೋಡಿದರೆ ನಾಲ್ಕನೆಯ ಮಗ್ಗದ ಪಟ್ಟಾ ನಿಜವಾಗಿಯೂ ಸಡಿಲಾಗಿತ್ತು. ಹಾಗಾಗಿ ಕೆಲಸ ಉಳಿಯಿತು. ಉಳಿಯಬಾರದಿತ್ತು ಎಂದು ಗಂಗುಬಾಯಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ, ಒಂದು ಪೆಟ್ಟು ಬಿದ್ದಿದ್ದರೆ ಬುದ್ಧಿ ಬರುತ್ತಿತ್ತೇನೋ.

ಅಲ್ಲಿಂದ ಅವನನ್ನು ಹಿಡಿಯುವವರಿಲ್ಲದಾಯಿತು. ಇಚಲಕರಂಜಿಯಿಂದ ಕೊಲ್ಹಾಪುರಕ್ಕೆ ಹಿಂದು ಹಿಂದಾಗಿ ನಡೆದುಕೊಂಡು ಹೋದ. ಎಲ್ಲರೂ ಮುಂದೆ ಬರುವುದನ್ನೇ ನೋಡುತ್ತಾರೆ, ಬಿಟ್ಟು ಬಂದದ್ದನ್ನು ನೋಡುವವರು ಯಾರು ಎಂಬುದು ಅವನ ಸಿದ್ಧಾಂತ. ಹಾತಕಣಂಗಲೆಯಲ್ಲಿ ಪೊಲೀಸನೊಬ್ಬ ತಡೆದು ಎಲ್ಲಿಗೆ ಹೊರಟಿದ್ದೀಯಾ ಎಂದು ಮರಾಠಿಯಲ್ಲಿ ಗದರಿಸಿದಾಗ, "ಹೊಂಟಿಲ್ರಿ ಸಾಹೇಬ, ಬರಾಕತ್ತೇನಿ" ಎಂದು ಬೆನ್ನು ತೋರಿಸಿಯೇ ಕೈ ಮುಗಿದನಂತೆ. ಮರುವರ್ಷ ನೂಲಿಗೆ ಹಾಕುವ ಕಾಂಜಿಯ ಖಾಲಿ ಡ್ರಮ್ಮು ಒಂಬತ್ತು ಕಟ್ಟಿ ತೆಪ್ಪ ಮಾಡಿ ಪಂಚಗಂಗೆಯಲ್ಲಿ ನರಸೋಬಾವಾಡಿಯತ್ತ ತೇಲಿದ. ಶಿರೋಳದ ಹತ್ತಿರ ನದಿ ತುಂಬ ಹಬ್ಬಿದ ಜಲಪರ್ಣಿಯ ಕಳೆಯಲ್ಲಿ ಸಿಕ್ಕಿಬಿದ್ದು ಅರ್ಧ ದಿನ ಅಲ್ಲಾಡಲಿಲ್ಲ. ದಂಡೆಯ ಜನ ಖಾರ ಚುರುಮುರಿ ಭಡಂಗದ ಪೊಟ್ಟಣ ಎಸೆದು ಎಸೆದು ಅವನ ಹೊಟ್ಟೆ ತುಂಬಿಸಿದರು. ಮನೆಯಲ್ಲಿ ಹೆಂಡತಿ, ಪುಟ್ಟ ಮಗಳು ರುತುಜಾ, ಇಬ್ಬರೂ ಊಟ ಬಿಟ್ಟು ಕೂತಿದ್ದರು. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುತ್ತಾರಲ್ಲ, ಅಂಥ ಗಿರಾಕಿ.

ಕಡೆಯ ಸಾಹಸಕ್ಕೆ ಅವನು ಮಾಡಿಕೊಂಡ ನಿಯಮ ಒಂದೇ. ಎಲ್ಲಿಗೆ ಹೋಗುತ್ತದೆಂದು ಕೇಳದೆ ಲಾರಿ ಹತ್ತುವುದು, ಅದು ನಿಂತಲ್ಲಿ ಇಳಿದು ಮತ್ತೊಂದು ಹತ್ತುವುದು. ಹಳೆ ನೋಟು ಬಂದ್ ಆದ ವರ್ಷ ಅದು. ಕೇರಿಯ ಮಗ್ಗಗಳೆಲ್ಲ ನಿಂತು, ಊರು ಕಿವುಡಾದ ಹಾಗಿತ್ತು. ಒಂದು ಮುಂಜಾನೆ ಚಹಾ ಕುಡಿದು, "ಹದಿನೈದ ದಿನದಾಗ ಬರ್ತೀನಿ" ಎಂದು ಬಟ್ಟೆ ತುಂಬಿದ ಲಾರಿ ಹತ್ತಿದ. ಎರಡು ಸಲ ಫೋನು ಬಂತು, ಮೂರನೆಯದು ಬರಲಿಲ್ಲ. ಲಾರಿಯ ಡ್ರೈವರು, ಪುಣೆ ದಾಟಿ ಚಹಾಕ್ಕೆ ನಿಂತಾಗ ಇಳಿದ, ಆಮೇಲೆ ಕಾಣಲಿಲ್ಲ ಎಂದ. ಗಂಗುಬಾಯಿ ಠಾಣೆಗೆ ಹೋಗಿ ಫೋಟೋ ಕೊಟ್ಟಳು. ಅವಳ ಹತ್ತಿರ ಇದ್ದದ್ದು ತೆಪ್ಪದ ಮೇಲಿನ ಫೋಟೋ ಒಂದೇ. ಬರೆದುಕೊಳ್ಳುವವನು ಅದನ್ನು ಬಹಳ ಹೊತ್ತು ನೋಡಿದ.

ಅವಳು ಕಾಂಡಿ ಸುತ್ತುವ ಯಂತ್ರದ ಮುಂದೆ ಕೂತು, ಮಗ್ಗದ ಲಾಳಿಗೆ ನೂಲು ತುಂಬಿ ಕೊಡುತ್ತ, ಎಂಟು ವರ್ಷ ಮನೆ ನಡೆಸಿದಳು. ಹಣೆಗೆ ದಿನವೂ ಕುಂಕುಮ ಹಚ್ಚಿಕೊಂಡಳು. ಮಗಳು ನರ್ಸಾಗಿ ಕೊಲ್ಹಾಪುರದಲ್ಲಿ ಕೆಲಸಕ್ಕೆ ಸೇರಿದಳು. ಮಹಾಗಾಂವದ ಭೀಮಗೊಂಡರ ಮಗ ಅಮೋಲನೊಂದಿಗೆ ಅವಳ ಮದುವೆ ಗೊತ್ತಾಯಿತು. ಎಲ್ಲ ಸುಸೂತ್ರ ಎನ್ನುವಾಗ ಲಗ್ನಪತ್ರಿಕೆ ಅಡ್ಡ ಬಂತು.

ನಮ್ಮ ಕಡೆಯ ಲಿಂಗಾಯತರ ಪತ್ರಿಕೆಯಲ್ಲಿ ಬದುಕಿರುವವರ ಹೆಸರಿನ ಮುಂದೆ ಶ್ರೀ, ಹೋದವರ ಹೆಸರಿನ ಮುಂದೆ ಲಿಂ., ಅಂದರೆ ಲಿಂಗೈಕ್ಯ. ನಡುವಿನದೊಂದು ಇಲ್ಲ.

"ನಮ್ಮದೇನೂ ತಕರಾರ ಇಲ್ರಿ," ಎಂದರು ಭೀಮಗೊಂಡರು. "ಖರೆ ಒಂದ ನಕ್ಕಿ ಮಾಡ್ರಿ. ಬೀಗರು ಅದಾರೋ ಇಲ್ಲೋ ಅಂತ ಮಂದಿ ಕೇಳಿದ್ರ ನಾ ಏನ ಹೇಳ್ಲಿ?"

ಅಲ್ಲಪ್ಪ ಆಗಲೇ ತೀರ್ಮಾನ ಮಾಡಿದ್ದ. "ಏಳ ವರ್ಷ ಕಾಣಲಿಲ್ಲಂದ್ರ ಸರಕಾರನೂ ಸತ್ತ ಅಂತನ ಹಿಡೀತೈತಿ, ಗಂಗವ್ವಾ. ಲಿಂ. ಹಾಕಸೂಣು. ಅಪ್ಪನ ಜಾಗಾದಾಗ ನಾ ನಿಂದರತೀನಿ."

ಅಪ್ಪನ ಜಾಗಕ್ಕೆ ಅಲ್ಲಪ್ಪ ಸಿಕ್ಕ. ಅವ್ವನ ಜಾಗ? ಲಿಂ. ಎಂದು ಅಚ್ಚಾದರೆ ಗಂಗುಬಾಯಿ ಕುಂಕುಮ ಅಳಿಸಿ, ಒಬ್ಬಳೇ ಮಗಳ ಮದುವೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರಬೇಕು. ಅರಿಸಿನ ಹಚ್ಚುವಂತಿಲ್ಲ, ಆರತಿ ಹಿಡಿಯುವಂತಿಲ್ಲ. ಸೂತಕವೆಂಬುದೇ ಇಲ್ಲ ಎಂದು ಶರಣರು ಹೇಳಿ ಎಂಟುನೂರು ವರ್ಷವಾಯಿತು. ಶ್ರಾವಣದಲ್ಲಿ ಪ್ರವಚನ ಕೇಳಿ ತಲೆದೂಗುವವರೇ ಮದುವೆ ಮಂಟಪದಲ್ಲಿ ಅದನ್ನು ಮರೆಯುತ್ತಾರೆ. ನನಗಂತೂ ಈ ಮರೆವಿನ ಮೇಲೆ ಸಿಟ್ಟಿದೆ, ಆದರೆ ನನ್ನ ಸಿಟ್ಟಿನಿಂದ ಅವಳಿಗೇನು ಪ್ರಯೋಜನ?

ಸಾತಪ್ಪನಿಗೆ ಲಿಂ. ಹಾಕುತ್ತಾರಂತೆ ಎಂಬ ಸುದ್ದಿ ಕೇರಿಯಲ್ಲಿ ಹಬ್ಬಿತು. ಮರುದಿನ ಮಧ್ಯಾಹ್ನ ಬಟ್ಟೆ ಲಾರಿಯ ಇನ್ನೊಬ್ಬ ಡ್ರೈವರು ಧೋಂಡಿಬಾ ಕಾಂಡಿ ಯಂತ್ರದ ಮುಂದೆ ಬಂದು ನಿಂತು, "ವಹಿನಿ, ಹಂಗ ಮಾಡಬ್ಯಾಡ್ರಿ. ಜಿತಾ ಮನುಷ್ಯಾ ಅದಾನ ಅಂವ!" ಎಂದ. ಭಿವಂಡಿಯಲ್ಲಿ ಐದು ತಿಂಗಳ ಹಿಂದೆ ಅವನನ್ನು ಕಣ್ಣಾರೆ ನೋಡಿದ್ದನಂತೆ. ಯಾರಿಗೂ ಹೇಳಬೇಡ ಎಂದು ಸಾತಪ್ಪ ಆಣೆ ಹಾಕಿಸಿಕೊಂಡಿದ್ದ. ಆದರೆ ಬದುಕಿದವನನ್ನು ಸಾಯಿಸಿದ ಪಾಪ ಧೋಂಡಿಬಾನಿಗೆ ಬೇಡವಾಗಿತ್ತು.

"ಅಲ್ಲಿ ಏನ ಮಾಡಾಕತ್ತಾರ?" ಎಂದು ಕೇಳಿದಳು ಗಂಗುಬಾಯಿ. ಬಲೂನಿನಲ್ಲಿ ಹಾರುತ್ತಿದ್ದಾನೆ ಎಂದರೂ ನಂಬಲು ತಯಾರಾಗಿದ್ದಳು.

"ಏನೂ ಇಲ್ರಿ. ಮುಂಜಾನಿ ಮಗ್ಗಕ್ಕ ಹೋಗ್ತಾನ, ಖಾನಾವಳಿಯೊಳಗ ಉಣತಾನ, ಒಂಬತ್ತಕ್ಕ ಮಲಗ್ತಾನ."

ಇದನ್ನು ಮಾತ್ರ ಅವಳು ನಂಬಲಿಲ್ಲ. ಧೋಂಡಿಬಾ ಖಾನಾವಳಿಯ ನಂಬರು ಕೊಟ್ಟ. ಊಟದ ಹೊತ್ತು ನೋಡಿ, ಮಾಳಿಗೆ ಹತ್ತಿ ಫೋನು ಹಚ್ಚಿದಳು. ಖಾನಾವಳಿಯವನು ಕರೆದ. ಚಪ್ಪಲಿಯ ಸಪ್ಪಳ ಹತ್ತಿರವಾಯಿತು.

"ಹಲೋ."

"ನಾ ಗಂಗಿ."

ಆ ಕಡೆ ತಾಟುಗಳ ಸದ್ದು ಮಾತ್ರ. ಆಮೇಲೆ, "ರುತು ಆರಾಮ ಅದಾಳಾ?"

"ಆಕೀ ಲಗ್ನ ಐತಿ. ಕಾರ್ಡಿನ್ಯಾಗ ನಿಮ್ಮ ಹೆಸರಿನ ಮುಂದ ಏನ ಹಾಕಸಲಿ ಅಂತ ಕೇಳಾಕ ಫೋನ ಮಾಡೇನ್ರಿ. ಶ್ರೀ ಹಾಕಸಿದ್ರ ನೀವು ಬಂದು ನಿಂದರಬೇಕು. ಲಿಂ. ಹಾಕಸಿದ್ರ ನಾ ಹಿಂದ ಕುಂದರಬೇಕು."

"ಅಲ್ಲಿ ಮಂದಿ ಕಂಡಾಗೊಮ್ಮೆ, ಮುಂದೇನೋ ಸಾತ್ಯಾ, ಮುಂದೇನೋ ಅಂತಿದ್ರು. ನನ್ನ ಹಂತೇಕ ಮುಂದ ಏನೂ ಉಳದಿರಲಿಲ್ಲ, ಗಂಗಿ. ಇಲ್ಲಿ ಯಾರೂ ಕೇಳೂದಿಲ್ಲ."

ಗಂಗುಬಾಯಿಗೆ ಒಂದು ಕ್ಷಣ ಅವನ ಮೇಲೆ ಮರುಕ ಹುಟ್ಟಿತು. ಹೇಳಿದ್ದರೆ ನಾನೇ ಊರವರ ಬಾಯಿ ಮುಚ್ಚಿಸುತ್ತಿದ್ದೆನಲ್ಲ ಎನ್ನಿಸಿತು. ಅಷ್ಟರಲ್ಲಿ ಅವನೆಂದ, "ಲಿಂ. ಹಾಕಸಿಬಿಡು. ಎಲ್ಲಾರಿಗೂ ಹಗುರ ಆಕ್ಕೈತಿ."

"ಎಲ್ಲಾರಿಗೂ?" ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಅವಳ ಬಾಯಿಂದ ನೀವು ಹೋಗಿ ನೀನು ಬಂತು. "ಸಾಯೂದಿದ್ರ ಇಲ್ಲಿ ಬಂದ ಸಾಯಿ. ಅಲ್ಲೆ ಕುಂತ ಪುಕ್ಕಟ ಸಾಯಾಕ ನಾ ಬಿಡೂದಿಲ್ಲ. ಲಗ್ನ ಹದಿನಾಲ್ಕನೇ ತಾರೀಕ, ಗಡಹಿಂಗ್ಲಜದಾಗ." ಫೋನಿಟ್ಟಳು.

ಪತ್ರಿಕೆಯಲ್ಲಿ ಶ್ರೀ ಸಾತಪ್ಪ ಎಂದೇ ಅಚ್ಚಾಯಿತು. ಧೋಂಡಿಬಾ ಬಾಯಿಗೆ ಬೀಗ ಹಾಕಿಕೊಂಡ. "ಎಲ್ಲಿ ಅದಾರ್ರಿ ಬೀಗರು?" ಎಂದು ಭೀಮಗೊಂಡರು ಕೇಳಿದರೆ, "ಊರ ತಿರುಗಾಕ ಹೋಗ್ಯಾರ್ರಿ" ಎಂದಳು. ಬೇರೆಯವರ ಗಂಡನಾಗಿದ್ದರೆ ಈ ಉತ್ತರ ನಡೆಯುತ್ತಿರಲಿಲ್ಲ. ಸಾತಪ್ಪನಾದ್ದರಿಂದ ಎಲ್ಲರೂ ಒಪ್ಪಿದರು, ಒಪ್ಪಿದ್ದಷ್ಟೇ ಅಲ್ಲ, ಆಸೆಯನ್ನೂ ಇಟ್ಟುಕೊಂಡರು. ಮದುವೆಯ ದಿನ ಗಡಹಿಂಗ್ಲಜದ ಮಂಗಲ ಕಾರ್ಯಾಲಯದ ತುಂಬ ಇಚಲಕರಂಜಿಯವರದ್ದೇ ಮಾತು. ಕ್ರೇನಿನಿಂದ ಇಳಿಯುತ್ತಾನೆ ಎಂದ ಒಬ್ಬ, ಹಿಂದು ಹಿಂದಾಗಿಯೇ ಮಂಟಪ ಹತ್ತುತ್ತಾನೆ ಎಂದ ಇನ್ನೊಬ್ಬ. ಬಾಹುಬಲಿ ಶೇಠರು ಚೆನ್ನಾಗಿ ಕಾಣುವ ಹಾಗೆ ಬಾಗಿಲ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡರು. ಅಕ್ಕಿಕಾಳು ಹಾಕುವ ಹೊತ್ತಿಗೆ ಹೊರಗೆ ದಡದಡ ಸದ್ದಾಗಿ ಅರ್ಧ ಮಂದಿ ಎದ್ದು ನಿಂತರು. ನೀರಿನ ಕ್ಯಾನು ತಂದ ಟ್ರ್ಯಾಕ್ಟರು ಅದು.

ಗಂಗುಬಾಯಿಯೂ ತಿರುಗಿ ನೋಡಿದ್ದಳು. ಹಣೆ ತುಂಬ ಕುಂಕುಮ, ಕೈಯಲ್ಲಿ ಆರತಿ, ಮಗಳ ಪಕ್ಕದಲ್ಲಿ ನಿಂತಿದ್ದವಳು ಬಾಗಿಲನ್ನು ಒಂದೇ ಒಂದು ಸಲ ನೋಡಿದಳು. ಆಮೇಲೆ ಮದುವೆ ಮುಗಿಯುವ ತನಕ ಅತ್ತ ನೋಡಲಿಲ್ಲ.

ಸಂಜೆ ರುತುಜಾಳನ್ನು ಮಹಾಗಾಂವಕ್ಕೆ ಕಳಿಸಿದ ಮೇಲೆ ಅವಳು ಕಾರ್ಯಾಲಯದ ನಲ್ಲಿಯ ಹತ್ತಿರ ಹೋಗಿ ಸಾಬೂನು ಹಚ್ಚಿ ಮುಖ ತೊಳೆದಳು. ಅಲ್ಲಪ್ಪನ ಹೆಂಡತಿ ಬಾಳಕ್ಕ ಖಾಲಿ ಹಣೆ ನೋಡಿ ಕುಂಕುಮದ ಬಟ್ಟಲು ತಂದಳು. "ಅಳಿಸೇತಿ ನೋಡವಾ, ಹಚ್ಚಿಕೋ." ಗಂಗುಬಾಯಿ ಬೇಡವೆಂದು ಬಟ್ಟಲು ಸರಿಸಿದಳು. ಮಂಟಪದ ಕುರ್ಚಿ ಎಣಿಸುತ್ತಿದ್ದ ಅಲ್ಲಪ್ಪ ಎಣಿಕೆ ಬಿಟ್ಟು ಓಡಿ ಬಂದ.

"ಸಾತ್ಯಾಂದೇನರ ಸುದ್ದಿ ಬಂತೇನ ಗಂಗವ್ವಾ?"

"ಅಂವ ಜೀವಂತ ಅದಾನ್ರಿ ಭಾವಾರ, ಭಿವಂಡಿಯೊಳಗ ಆರಾಮ ಅದಾನ," ಎಂದು ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನನಗ ಗಂಡ ಇಲ್ಲ, ಅಷ್ಟ."